ಎರಡು ಪೌರತ್ವ ಮತ್ತು ಒಂದು ವರ್ಷದ ರಜೆ

ದುಡಿಮೆ, ರಜೆ ಎಂಬ ಎರಡು ಮಾತುಗಳನ್ನು ನಮ್ಮ ಕಡೆಯ ಜನ ಒಟ್ಟಿಗೆ ಆಡುವುದಿಲ್ಲ. ದುಡಿಮೆಯಿರುವಾಗ ರಜೆಯಿಲ್ಲ, ರಜೆಯೆಂದರೆ ಕೂಲಿಯಿಲ್ಲದ ದಿನ. ಬೀದರ ಜಿಲ್ಲೆಯಿಂದ ಹೈದರಾಬಾದಿಗೋ ಪುಣೆಗೋ ಮುಂಬಯಿಗೋ ಹೊಟ್ಟೆಪಾಡಿಗೆಂದು ಹೋದವರನ್ನು ನಾನು ಬಾಲ್ಯದಿಂದ ನೋಡುತ್ತ ಬಂದಿದ್ದೇನೆ. ರಜೆಗೆ ಹೋಗುತ್ತೇನೆಂದು ಹೇಳಿ ಊರು ಬಿಟ್ಟವರು ಅವರಲ್ಲಿ ಒಬ್ಬರೂ ಇಲ್ಲ. ಆದುದರಿಂದ ನನ್ನ ತಂಗಿಯ ಮೊಮ್ಮಗ ಕಳೆದ ತಿಂಗಳು ಮನ್ನಳ್ಳಿಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ತಾನು ಆಸ್ಟ್ರೇಲಿಯಕ್ಕೆ ಒಂದು ವರ್ಷದ ಮಟ್ಟಿಗೆ 'ವರ್ಕಿಂಗ್ ಹಾಲಿಡೇ' ಹೋಗಬೇಕೆಂದಿದ್ದೇನೆ ಎಂದಾಗ ನನಗೆ ಮೊದಲು ನಗು ಬಂತು.

ನಗುವ ಮಾತಲ್ಲವೆಂಬುದು ಆಮೇಲೆ ತಿಳಿಯಿತು. ಹರೆಯದವರು ಪರದೇಶವೊಂದಕ್ಕೆ ಹೋಗಿ, ಅಲ್ಲಿ ವರ್ಷವೊಂದು ತಿರುಗಾಡಿ, ತಿರುಗಾಟದ ವೆಚ್ಚವನ್ನು ಅಲ್ಲಿಯ ಹಣ್ಣಿನ ತೋಟದಲ್ಲೋ ಹೋಟೆಲಿನಲ್ಲೋ ದುಡಿದು ಸಂಪಾದಿಸಿಕೊಳ್ಳಲು ದೊರೆಯುವ ಅನುಮತಿಗೆ ಈ ಹೆಸರು. ಸಾಮಾನ್ಯ ಪ್ರವಾಸಿಗೆ ದುಡಿಯುವ ಹಕ್ಕಿಲ್ಲ. ಸಾಮಾನ್ಯ ಕೆಲಸದ ವೀಸಾ ಬೇಕೆಂದರೆ ಮೊದಲೇ ಒಬ್ಬ ಧಣಿ ಗೊತ್ತಾಗಿರಬೇಕು. ಈ ವೀಸಾಕ್ಕೆ ಆ ಎರಡೂ ಕಟ್ಟುಗಳಿಲ್ಲ. ಆಸ್ಟ್ರೇಲಿಯ 1975ರಲ್ಲಿ ಬ್ರಿಟನ್, ಐರ್ಲೆಂಡ್, ಕೆನಡಾಗಳ ಯುವಜನರಿಗಾಗಿ ಇದನ್ನು ಆರಂಭಿಸಿತು. ಕ್ರಮೇಣ ಹಲವು ದೇಶಗಳು ಪರಸ್ಪರ ಒಪ್ಪಂದ ಮಾಡಿಕೊಂಡವು. ಭಾರತದ ಹೆಸರು ಆ ಪಟ್ಟಿಗಳಲ್ಲಿ ಬಹುಕಾಲ ಇರಲಿಲ್ಲ. ಬ್ರಿಟನ್ 2023ರ ಫೆಬ್ರವರಿಯಲ್ಲಿ ಇಂಥದೇ ಒಂದು ಯೋಜನೆಯನ್ನು ನಮ್ಮ ತರುಣರಿಗೆ ತೆರೆಯಿತು. ಆಸ್ಟ್ರೇಲಿಯ 2024ರ ಸೆಪ್ಟೆಂಬರಿನಲ್ಲಿ ತೆರೆಯಿತು. ಬಾಗಿಲು ತೆರೆದಿದೆ ನಿಜ, ಆದರೆ ಕಿರಿದಾಗಿ. ಆಸ್ಟ್ರೇಲಿಯ ಭಾರತೀಯರಿಗೆ ವರ್ಷಕ್ಕೆ ಕೊಡುವುದು 1000 ಅವಕಾಶಗಳನ್ನು. ಮೊದಲ ಎರಡು ವಾರಗಳಲ್ಲೇ ಸುಮಾರು 40 ಸಾವಿರ ಮಂದಿ ಹೆಸರು ಕೊಟ್ಟರೆಂದು ಅಲ್ಲಿಯ ಮಂತ್ರಿಯೊಬ್ಬರು ಹೇಳಿದ್ದರು. ಹೀಗಾಗಿ ಚೀಟಿ ಎತ್ತಿ ಆರಿಸುತ್ತಾರೆ.

ಹುಡುಗನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವನು ನನ್ನ ಬಳಿ ಬಂದದ್ದು ಬೇರೊಂದು ಕಾರಣಕ್ಕೆ. ನಾನು ಬೀದರಿನ ನ್ಯಾಯಾಲಯದಲ್ಲಿ ಬಹಳ ವರ್ಷ ವಕೀಲಿ ಮಾಡಿದವನು. ಮನೆತನದಲ್ಲಿ ಕಾಗದಪತ್ರದ ತೊಡಕು ಯಾವುದು ಬಂದರೂ ಅದು ಕೊನೆಗೆ ಈ ಕಟ್ಟೆಗೇ ಬರುತ್ತದೆ. ಅವನು ಕೇಳಿದ:

"ಮುತ್ಯಾ, ನಂದು ಎರಡು ದೇಶ ಅದಾವ ಅಂತಾರಲ್ಲ, ಹಂಗಾದ್ರ ಎರಡೂ ಕಡಿಂದ ಅರ್ಜಿ ಹಾಕ್ಲಿಕ್ಕ ಬರ್ತದೇನು?"

ಅವನು ಹುಟ್ಟಿದ್ದು ಅಮೆರಿಕದ ಟೆಕ್ಸಾಸ್ ಪ್ರಾಂತ್ಯದಲ್ಲಿ. ತಂದೆ ಆಗ ಅಲ್ಲಿ ಉದ್ಯೋಗದಲ್ಲಿದ್ದ. ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಅಲ್ಲಿಯ ಕಾನೂನಿನ ಪ್ರಕಾರ ಅಮೆರಿಕದ ಪ್ರಜೆ. ತಾಯಿತಂದೆಗಳಿಬ್ಬರೂ ಭಾರತೀಯ ಪ್ರಜೆಗಳಾದ್ದರಿಂದ, ವರ್ಷ ತುಂಬುವುದರೊಳಗೆ ಹ್ಯೂಸ್ಟನ್ನಿನ ಭಾರತೀಯ ದೂತಾವಾಸದಲ್ಲಿ ಅವನ ಜನನವನ್ನು ನೋಂದಾಯಿಸಿ, ಬೇರೆ ದೇಶದ ರಹದಾರಿ ಈ ಮಗುವಿಗಿಲ್ಲವೆಂದು ಬರೆದುಕೊಟ್ಟು, ಭಾರತದ ಪೌರತ್ವವನ್ನೂ ರಹದಾರಿಯನ್ನೂ ಪಡೆದುಕೊಂಡರು. ಮಗುವಿಗೆ ಎರಡು ವರ್ಷವಾಗಿದ್ದಾಗ ಊರಿಗೆ ಮರಳಿದರು. ಹುಡುಗ ಬೀದರಿನಲ್ಲಿ ಓದಿ, ಪಿ.ಯು.ಸಿ. ಮುಗಿಸಿ, ಈ ವರ್ಷ ಬಿ.ಎಸ್‌ಸಿ.ಗೆ ಸೇರಿದ್ದಾನೆ. ಅಮೆರಿಕದ ಬಗ್ಗೆ ಅವನಿಗಿರುವ ನೆನಪು ಒಂದೂ ಇಲ್ಲ. ಇರುವುದು ಒಂದು ಜನನಪತ್ರ ಮಾತ್ರ.

ಇಂಥ ಮಕ್ಕಳು ಬೀದರಿನಲ್ಲಿ, ಕಲಬುರಗಿಯಲ್ಲಿ, ಧಾರವಾಡದಲ್ಲಿ, ಮೈಸೂರಿನಲ್ಲಿ ಇಂದು ಅಲ್ಲಲ್ಲಿ ಬೆಳೆಯುತ್ತಿದ್ದಾರೆ. ಅವರ ಮನೆಯವರಿಗೆ ಉಪಯೋಗವಾದೀತೆಂದು ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಎರಡು ಪೌರತ್ವವುಳ್ಳವನನ್ನು ವೀಸಾ ಕೊಡುವ ದೇಶ ಹೇಗೆ ಕಾಣುತ್ತದೆ? ಅದು ಮೊದಲು ನೋಡುವುದು ಮನುಷ್ಯನನ್ನಲ್ಲ, ಅವನು ಮುಂದೆ ಹಿಡಿದಿರುವ ರಹದಾರಿಯನ್ನು. ಆ ರಹದಾರಿ ಕೊಟ್ಟ ದೇಶದೊಡನೆ ಒಪ್ಪಂದವಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಅರ್ಜಿದಾರನಿಗೆ ಮತ್ತೊಂದು ಪೌರತ್ವವಿದೆಯೆಂಬ ಒಂದೇ ಕಾರಣಕ್ಕೆ ಆಸ್ಟ್ರೇಲಿಯ ಅವನನ್ನು ಹಿಂದಕ್ಕೆ ಕಳಿಸುವುದಿಲ್ಲ. ಒಂದು ಪೌರತ್ವ ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿದ್ದರೆ, ಪಟ್ಟಿಯಲ್ಲಿರುವ ದೇಶದ ರಹದಾರಿಯನ್ನು ಹಿಡಿದು ಅರ್ಜಿ ಹಾಕಬೇಕು, ಅಷ್ಟೆ. ಆದರೆ ಎಷ್ಟು ಸಲ ಬಂದೆ ಎಂಬ ಲೆಕ್ಕವನ್ನಿಡುವಾಗ ಮಾತ್ರ ಅದು ರಹದಾರಿಯನ್ನು ಬಿಟ್ಟು ಮನುಷ್ಯನನ್ನು ಹಿಡಿದುಕೊಳ್ಳುತ್ತದೆ. ಒಂದು ರಹದಾರಿಯ ಮೇಲೆ ಈ ರಜೆಯನ್ನು ಅನುಭವಿಸಿ ಬಂದವನು, ಎರಡನೆಯದನ್ನು ತೋರಿಸಿ ಹೊಸಬನೆಂಬಂತೆ ಮೊದಲ ವರ್ಷದ ವೀಸಾವನ್ನು ಮತ್ತೆ ಕೇಳುವಂತಿಲ್ಲ.

ಅರ್ಜಿಯಲ್ಲಿ ಬೇರೆ ಪೌರತ್ವಗಳನ್ನು ಕುರಿತ ಪ್ರಶ್ನೆಯೂ ಇರುತ್ತದೆ. ಅದಕ್ಕೆ ಸತ್ಯವನ್ನೇ ಬರೆಯಬೇಕು. ಸುಳ್ಳು ವಿವರ ಕೊಟ್ಟದ್ದು ಗೊತ್ತಾದರೆ ಆಸ್ಟ್ರೇಲಿಯ ಅರ್ಜಿಯನ್ನು ತಳ್ಳಿಹಾಕುವುದಲ್ಲದೆ ಮೂರು ವರ್ಷ ಬಾಗಿಲು ಮುಚ್ಚಬಲ್ಲುದು. ಇನ್ನೊಂದು ಮಾತು ಹೇಳಬೇಕಾಗಿಯೇ ಇಲ್ಲ, ಆದರೂ ಕೇಳುವವರಿದ್ದಾರೆ: ಹೋಗಬೇಕಾದ ದೇಶದ ಪೌರತ್ವವೇ ತನಗಿದ್ದರೆ ಅಲ್ಲಿಗೆ ವೀಸಾ ಸಿಕ್ಕುವುದಿಲ್ಲ. ತನ್ನ ಮನೆಗೆ ತಾನೇ ಅತಿಥಿಯಾಗಲು ಬಾರದು.

ಅಂತರರಾಷ್ಟ್ರೀಯ ನ್ಯಾಯದಲ್ಲಿ ಇದಕ್ಕೆ ಹಳೆಯ ಬೇರುಗಳಿವೆ. 1930ರಲ್ಲಿ ಹೇಗ್ ನಗರದಲ್ಲಿ ಆದ ಒಡಂಬಡಿಕೆಯೊಂದು, ಪ್ರತಿಯೊಬ್ಬನಿಗೂ ಒಂದು ಪೌರತ್ವವಿರಬೇಕು, ಒಂದೇ ಇರಬೇಕು ಎಂಬ ಆದರ್ಶವನ್ನು ಪೀಠಿಕೆಯಲ್ಲಿ ಹೇಳಿತು. ಹೇಳಿದ ಮೇಲೆ, ಎರಡು ಉಳ್ಳವನನ್ನು ಆ ಎರಡು ದೇಶಗಳಲ್ಲಿ ಪ್ರತಿಯೊಂದೂ ತನ್ನವನೆಂದೇ ಎಣಿಸಬಹುದೆಂದು ಒಳಗೆ ಒಪ್ಪಿಕೊಂಡಿತು. ಅನಂತರದ ದಶಕಗಳಲ್ಲಿ ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳು ಎರಡನೆಯ ಪೌರತ್ವವನ್ನು ಸಹಿಸುವುದನ್ನು ಕಲಿತವು. ಭಾರತ ಆ ದಾರಿಯಲ್ಲಿ ಹೋಗಲಿಲ್ಲ. ನಮ್ಮ ಹುಡುಗನ ತೊಡಕು ಹುಟ್ಟುವುದು ಆಸ್ಟ್ರೇಲಿಯದ ನಿಯಮದಲ್ಲಲ್ಲ, ನಮ್ಮ ಮನೆಯ ನಿಯಮದಲ್ಲಿ.

ನಮ್ಮ ಸಂವಿಧಾನದ 9ನೆಯ ಅನುಚ್ಛೇದ, ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವನು ಭಾರತದ ಪ್ರಜೆಯಲ್ಲವೆನ್ನುತ್ತದೆ. 1955ರ ಪೌರತ್ವ ಕಾಯಿದೆಯ 9ನೆಯ ವಿಧಿ ಅದನ್ನೇ ವಿಸ್ತರಿಸುತ್ತದೆ. ಪರದೇಶದ ರಹದಾರಿ ಪಡೆದದ್ದು ಅಂಥ ಸ್ವಇಚ್ಛೆಗೆ ನಿರ್ಣಾಯಕ ಸಾಕ್ಷಿ ಎಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ಎತ್ತಿಹಿಡಿಯಿತು. ಆ ಮೊಕದ್ದಮೆಯ ಹಿನ್ನೆಲೆಯಲ್ಲಿದ್ದದ್ದು ದೇಶವಿಭಜನೆ. ಪಾಕಿಸ್ತಾನದ ರಹದಾರಿಯನ್ನು ಹಿಡಿದು ತಿರುಗಿ ಬಂದವರ ಪ್ರಶ್ನೆ. ಅಣ್ಣ ಕರಾಚಿಯಲ್ಲಿ, ತಮ್ಮ ಬೀದರಿನಲ್ಲಿ ಎಂಬಂಥ ಮನೆಗಳನ್ನು ಕಂಡ ನಮಗೆ ಆ ಕಾಲದ ಕಾಠಿಣ್ಯ ಅರ್ಥವಾಗದೆ ಇಲ್ಲ. ಆದರೆ ಕಾನೂನು ಹುಟ್ಟಿದ ಸಂದರ್ಭ ಹೋದರೂ ಕಾನೂನು ಉಳಿಯುತ್ತದೆ. ವಿಭಜನೆಯ ನೋವಿನಲ್ಲಿ ಹೊಲಿದ ಅಂಗಿಯನ್ನು ಇಂದು ಆಸ್ಟ್ರೇಲಿಯಕ್ಕೆ ಹಣ್ಣು ಬಿಡಿಸಲು ಹೋಗಬೇಕೆನ್ನುವ ಹುಡುಗನೂ ತೊಡಬೇಕಾಗಿದೆ.

ಇಷ್ಟು ಕಟ್ಟುನಿಟ್ಟಿನ ಕಾಯಿದೆಯಲ್ಲೂ ಒಂದು ಸಣ್ಣ ಕಿಂಡಿಯಿದೆ. ಪರದೇಶದಲ್ಲಿ ಹುಟ್ಟಿ, ಹುಟ್ಟಿನಿಂದಲೇ ಅಲ್ಲಿಯ ಪ್ರಜೆಯಾಗಿ, ಭಾರತೀಯ ತಾಯಿಯ ಅಥವಾ ತಂದೆಯ ಮೂಲಕ ನೋಂದಣಿಯಿಂದ ಇಲ್ಲಿಯ ಪ್ರಜೆಯೂ ಆದ ಮಗು, ಅಪ್ರಾಪ್ತ ವಯಸ್ಸಿನವರೆಗೆ ಎರಡನ್ನೂ ಹೊತ್ತುಕೊಂಡಿರಬಹುದು. ಕಾಯಿದೆಯ 4ನೆಯ ವಿಧಿಗೆ ತಿದ್ದುಪಡಿಯಿಂದ ಸೇರಿದ ಒಂದು ಉಪವಿಧಿ ಈ ಸ್ಥಿತಿಗೆ ಕೊನೆಯನ್ನೂ ಗೊತ್ತುಮಾಡಿದೆ. ಹದಿನೆಂಟು ತುಂಬಿದ ಆರು ತಿಂಗಳೊಳಗೆ ಆ ಮಗು ಇನ್ನೊಂದು ದೇಶದ ಪೌರತ್ವವನ್ನು ತ್ಯಜಿಸಬೇಕು. ತ್ಯಜಿಸದಿದ್ದರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಯಾರೂ ಮನೆಗೆ ನೋಟೀಸು ಕಳಿಸುವುದಿಲ್ಲ. ಯಾವ ಅಮೀನನೂ ಬಂದು ಡಂಗುರ ಹೊಡೆಯುವುದಿಲ್ಲ. ದಿನ ಕಳೆದರೆ ಸಾಕು.

ಕಟ್ಟೆಯ ಮೇಲೆ ಕುಳಿತಿದ್ದ ಹುಡುಗನಿಗೆ ಹದಿನೆಂಟು ತುಂಬಿ ಆಗ ಎರಡು ತಿಂಗಳಾಗಿತ್ತು. ತನಗೆ ಇಂಥ ಒಂದು ಗಡುವಿದೆಯೆಂಬುದು ಅವನಿಗೂ ಗೊತ್ತಿರಲಿಲ್ಲ, ಅವನ ತಂದೆಗೂ ಗೊತ್ತಿರಲಿಲ್ಲ. ವೀಸಾದ ಪ್ರಶ್ನೆಯನ್ನು ಅವನು ಎತ್ತದಿದ್ದರೆ, ಇನ್ನು ನಾಲ್ಕು ತಿಂಗಳು ಕಳೆದ ಮೇಲೊಂದು ಬೆಳಗ್ಗೆ ಅವನು ಮನ್ನಳ್ಳಿಯ ತನ್ನ ಮನೆಯಲ್ಲಿ ಪರದೇಶಿಯಾಗಿ ಏಳುತ್ತಿದ್ದ, ಮತ್ತು ಅದು ಯಾರಿಗೂ ತಿಳಿಯುತ್ತಿರಲಿಲ್ಲ.

ಈಗ ಅವನ ಮುಂದಿರುವ ಬಾಗಿಲುಗಳನ್ನು ನೋಡೋಣ. ಅಮೆರಿಕದ ಪ್ರಜೆಯಾಗಿ ಹೋಗುವುದಾದರೆ ಆಸ್ಟ್ರೇಲಿಯ ಅವನಿಂದ ಬಯಸುವ ವಿದ್ಯೆ ಪ್ರೌಢ ಮಾಧ್ಯಮಿಕದ ಕೊನೆಯ ಹಂತದ್ದು, ನಮ್ಮ ಪಿ.ಯು.ಸಿ.ಗೆ ಸಮನಾದುದು. ಅಮೆರಿಕದವರಿಗೆ ಸಂಖ್ಯೆಯ ಮಿತಿಯಿಲ್ಲ, ಚೀಟಿಯಿಲ್ಲ. ಅವನು ಇಂದೇ ಅರ್ಹ. ಭಾರತೀಯನಾಗಿ ಹೋಗುವುದಾದರೆ ಪಿ.ಯು.ಸಿ.ಯ ಮೇಲೆ ಕಾಲೇಜಿನಲ್ಲಿ ಎರಡು ವರ್ಷವಾದರೂ ಓದಿರಬೇಕು, ಇಂಗ್ಲಿಷಿನ ಪರಿಜ್ಞಾನವನ್ನು ತೋರಿಸಬೇಕು, 25 ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಚೀಟಿಗೆ ಹೆಸರು ಹಚ್ಚಬೇಕು, ಚೀಟಿ ಎದ್ದ ಮೇಲೆ ಅರ್ಜಿ ಹಾಕಬೇಕು. ಕೈಯಲ್ಲಿ ಸುಮಾರು 5000 ಆಸ್ಟ್ರೇಲಿಯನ್ ಡಾಲರ್ ಇರಬೇಕೆಂಬ ನಿಯಮವಂತೂ ಇಬ್ಬರಿಗೂ ಒಂದೇ. ಎಂದರೆ, ಅಮೆರಿಕದ ಬಾಗಿಲು ಅವನಿಗೆ ಹದಿನೆಂಟಕ್ಕೆ ತೆರೆಯುತ್ತದೆ. ಭಾರತದ ಬಾಗಿಲು ಇಪ್ಪತ್ತಕ್ಕೆ, ಅದೂ ಅದೃಷ್ಟವಿದ್ದರೆ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನಮ್ಮ ಕಾಯಿದೆ ಹೇಳುವುದು ಹದಿನೆಂಟೂವರೆಗೆ. ಭಾರತವನ್ನು ಆರಿಸಿಕೊಂಡವನು ಬಾಗಿಲು ತೆರೆಯುವ ಮೊದಲೇ ಇನ್ನೊಂದು ಬಾಗಿಲನ್ನು ಮುಚ್ಚಿರಬೇಕು.

ಲಾಭವೆಲ್ಲ ಅಮೆರಿಕದ ಕಡೆಗೇ ಇದೆಯೆಂದು ತಿಳಿಯಬಾರದು. ಬ್ರಿಟನ್ನಿನ ಬಾಗಿಲಿನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿಯ ಯುವಜನ ಯೋಜನೆಯಲ್ಲಿ ಅಮೆರಿಕದವರಿಗೆ ಪ್ರವೇಶವಿಲ್ಲ. ಭಾರತೀಯರಿಗೆ ವರ್ಷಕ್ಕೆ 3000 ಅವಕಾಶಗಳಿವೆ, ಎರಡು ವರ್ಷ ಇರಬಹುದು. ಪದವಿ ಆಗಿರಬೇಕು, 2530 ಪೌಂಡಿನ ಉಳಿತಾಯ ತೋರಿಸಬೇಕು, ಮೂವತ್ತು ದಾಟಿರಬಾರದು. ಅಲ್ಲಿಯೂ ಚೀಟಿ, ಆದರೆ ಹೆಸರು ಕೊಡಲು ಶುಲ್ಕವಿಲ್ಲ. ನಮ್ಮ ಹುಡುಗ ಬಿ.ಎಸ್‌ಸಿ. ಮುಗಿಸಿ ಭಾರತೀಯನಾಗಿಯೇ ಉಳಿದಿದ್ದರೆ ಲಂಡನ್ನಿಗೆ ಪ್ರಯತ್ನಿಸಬಹುದು. ಅಮೆರಿಕನಾಗಿದ್ದರೆ ಆ ದಾರಿಯಿಲ್ಲ. ಅಮೆರಿಕನಾಗಿ ನ್ಯೂಜಿಲೆಂಡಿಗೋ ಐರ್ಲೆಂಡಿಗೋ ಹೋಗಬಹುದೆನ್ನುವುದು ನಿಜ.

ಅವನು ಇನ್ನೊಂದು ಉಪಾಯವನ್ನೂ ಯೋಚಿಸಿಕೊಂಡು ಬಂದಿದ್ದ. ಉಳಿದ ನಾಲ್ಕು ತಿಂಗಳಲ್ಲೇ ಅಮೆರಿಕದ ರಹದಾರಿಯನ್ನು ಮಾಡಿಸಿ, ಆಸ್ಟ್ರೇಲಿಯದ ವೀಸಾವನ್ನು ಪಡೆದು, ಆಮೇಲೆ ಅಮೆರಿಕವನ್ನು ಬಿಟ್ಟುಕೊಟ್ಟರೆ? ಹುಟ್ಟಿನಿಂದ ಬಂದ ಪೌರತ್ವದ ರಹದಾರಿಯನ್ನು ತೆಗೆದುಕೊಂಡರೆ ಅದನ್ನು 'ಸ್ವಇಚ್ಛೆಯಿಂದ ಪಡೆದ' ಪೌರತ್ವವೆನ್ನಬಹುದೆ ಎಂಬುದು ವಕೀಲರು ಎರಡೂ ಕಡೆಯಿಂದ ವಾದಿಸಬಹುದಾದ ಸಂಗತಿ. ನನಗೂ ಹಳೆಯ ಚಟ ಒಂದು ಗಳಿಗೆ ಮರುಕಳಿಸಿತು. ಆದರೆ ವಾದಿಸುವುದು ವಕೀಲ, ನಷ್ಟ ಅನುಭವಿಸುವುದು ಕಕ್ಷಿದಾರ. ರಹದಾರಿಯೇ ಸಾಕ್ಷಿಯೆಂಬ ನಿಯಮ ಪುಸ್ತಕದಲ್ಲಿರುವಾಗ ಹದಿನೆಂಟರ ಹುಡುಗನನ್ನು ಅದರ ಬಾಯಿಗೆ ಒಡ್ಡಲು ನಾನು ಒಪ್ಪಲಿಲ್ಲ. ಅದೂ ಅಲ್ಲದೆ, ವೀಸಾ ಯಾವ ಪೌರತ್ವದ ಮೇಲೆ ದೊರೆಯಿತೋ ಆ ಪೌರತ್ವವನ್ನೇ ನಡುವೆ ಬಿಟ್ಟುಕೊಟ್ಟರೆ ಆ ವೀಸಾಕ್ಕೆ ಕಾಲೂರಲು ನೆಲವೆಲ್ಲಿ?

"ಓ.ಸಿ.ಐ. ಕಾರ್ಡು ಮಾಡಿಸಿದರಾಯಿತಲ್ಲ, ಅದೂ ಭಾರತದ ಪೌರತ್ವವೇ ತಾನೆ?" ಎಂದು ಅನೇಕರು ಕೇಳುತ್ತಾರೆ. ಈ ತಪ್ಪು ತಿಳಿವಳಿಕೆಗೆ ಕಾರಣ ಅದರ ಹೆಸರು. ಸಾಗರೋತ್ತರ ಭಾರತೀಯ ನಾಗರಿಕ ಎಂದು ಕರೆದ ಮೇಲೆ ನಾಗರಿಕನೆಂದುಕೊಳ್ಳುವುದು ಸಹಜ. ಎಲ್.ಎಂ. ಸಿಂಘ್ವಿಯವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ದ್ವಿಪೌರತ್ವವನ್ನೇ ಶಿಫಾರಸು ಮಾಡಿತ್ತು. ಸರಕಾರ ಕೊನೆಗೆ ಕೊಟ್ಟದ್ದು ಈ ಕಾರ್ಡು. 2006ರ ಜನವರಿಯಲ್ಲಿ ನಮ್ಮ ನೆರೆಯ ಹೈದರಾಬಾದಿನಲ್ಲೇ ನಡೆದ ಪ್ರವಾಸಿ ಭಾರತೀಯ ಸಮ್ಮೇಳನದಲ್ಲಿ ಮೊದಲ ಕಾರ್ಡುಗಳನ್ನು ಹಂಚಿದರು. ಅದು ಆಜೀವ ವೀಸಾ. ಬರಬಹುದು, ಇರಬಹುದು, ಓದಬಹುದು, ದುಡಿಯಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸಾಮಾನ್ಯವಾಗಿ ಸರಕಾರಿ ನೌಕರಿಯಿಲ್ಲ. ಬ್ರಿಟನ್ನಿನವರು ಭಾರತದ ಪ್ರಜೆಗಳಿಗೆಂದು ಇಟ್ಟ ಚೀಟಿಗೆ ಓ.ಸಿ.ಐ. ಕಾರ್ಡಿನವನು ಹೆಸರು ಕೊಡಲಾರ; ಆಸ್ಟ್ರೇಲಿಯಕ್ಕೂ ಬೇಕಾದದ್ದು ಭಾರತದ ರಹದಾರಿಯೇ. ಕೃಷಿಭೂಮಿಯನ್ನು ಕೊಳ್ಳುವಂತೆಯೂ ಇಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಮನ್ನಳ್ಳಿಯಲ್ಲಿ ಈ ಹುಡುಗನ ಮನೆತನಕ್ಕೆ ಆರು ಎಕರೆ ಹೊಲವಿದೆ. ಉದ್ದು, ಸೋಯಾ, ತೊಗರಿ ಬೆಳೆಯುತ್ತಾರೆ. ಆ ಆರು ಎಕರೆ ಅವನಿಗೆ ಬಂದೀತು. ಬದುವಿನ ಆಚೆಯ ಒಂದು ಗುಂಟೆಯನ್ನು ಅವನು ಕೊಂಡು ಸೇರಿಸಿಕೊಳ್ಳಲಾರ.

ಪರದೇಶದ ಪೌರತ್ವ ಪಡೆದ ಹೆತ್ತವರ ಮಕ್ಕಳು ದೊಡ್ಡವರಾದ ಮೇಲೆ ಭಾರತಕ್ಕೆ ಮರಳಿ ಸೇರಿಕೊಳ್ಳಬಹುದೆಂಬ ನಂಬಿಕೆಯೂ ಹಲವರಲ್ಲಿದೆ. ತಾಯಿತಂದೆಗಳು ವಿಧಿವತ್ತಾಗಿ ಘೋಷಣೆ ಮಾಡಿ ಪೌರತ್ವವನ್ನು ತ್ಯಜಿಸಿದ್ದರೆ ಮಾತ್ರ ಮಕ್ಕಳಿಗೆ ಆ ಹಕ್ಕು ಉಂಟು. ಪ್ರಾಪ್ತ ವಯಸ್ಸಾದ ಒಂದು ವರ್ಷದೊಳಗೆ ಅದನ್ನು ಬಳಸಿಕೊಳ್ಳಬೇಕು. ಪರದೇಶದ ಪೌರತ್ವ ಪಡೆದದ್ದರಿಂದ ತಾನಾಗಿಯೇ ಭಾರತದ ಪೌರತ್ವ ಕಳೆದುಕೊಂಡವರ ಮಕ್ಕಳಿಗೆ ಅದು ಅನ್ವಯಿಸದೆಂದು 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಸಿಂಗಾಪುರದ ಪ್ರಜೆಗಳಾದ ಹೆತ್ತವರ ಮಗನ ಮೊಕದ್ದಮೆ ಅದು.

ಈ ಕಾಗದಗಳ ನಡುವೆ ನನಗೆ ನೆನಪಾದದ್ದು ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿರುವ ಒಂದು ಉರ್ದು ದಸ್ತಾವೇಜು. ಇಂದಿನ ತರುಣರಿಗೆ ಮುಲ್ಕಿ, ಗೈರ್‌ಮುಲ್ಕಿ ಎಂಬ ಮಾತುಗಳು ತಿಳಿಯವು. ನಮ್ಮ ಹಿರಿಯರಿಗೆ ಅವು ಅನ್ನದ ಪ್ರಶ್ನೆಗಳಾಗಿದ್ದವು. ನಿಜಾಮರ ಹೈದರಾಬಾದಿಗೆ ತನ್ನದೇ ನಾಣ್ಯವಿತ್ತು, ಕರೋಡಗಿರಿಯೆಂಬ ತನ್ನದೇ ಸುಂಕದ ಇಲಾಖೆಯಿತ್ತು, ಮತ್ತು ತನ್ನವರಾರು, ಹೊರಗಿನವರಾರು ಎಂಬ ಲೆಕ್ಕವಿತ್ತು. 1919ರ ಫರ್ಮಾನಿನ ಮೇಲೆ ನಿಂತ ಮುಲ್ಕಿ ನಿಯಮಗಳ ಪ್ರಕಾರ ಸಂಸ್ಥಾನದ ನೌಕರಿ ಮುಲ್ಕಿಗಳಿಗೆ. ಹೊರಗಿನವನು ಮುಲ್ಕಿಯಾಗಬೇಕಾದರೆ ಹದಿನೈದು ವರ್ಷ ಇಲ್ಲಿ ಕಾಯಂ ವಾಸವಾಗಿರಬೇಕು. ಅಷ್ಟೇ ಸಾಲದು. ತನ್ನ ಹಿಂದಿನ ಊರಿಗೆ ಮರಳುವ ವಿಚಾರವನ್ನು ಬಿಟ್ಟಿದ್ದೇನೆಂದು ಹಲಫನಾಮೆ ಬರೆದು ಮ್ಯಾಜಿಸ್ಟ್ರೇಟರ ಮುಂದೆ ದೃಢೀಕರಿಸಬೇಕು.

ನನ್ನ ಅಜ್ಜನ ಭಾವಮೈದುನ ಸೊಲ್ಲಾಪುರದವರು. ಆಗ ಅದು ಬ್ರಿಟಿಷರ ಇಲಾಖೆ, ನಮಗೆ ಪರದೇಶ. ತಂಗಿಯನ್ನು ಕೊಟ್ಟ ಊರಿಗೆ ಬಂದು ನೆಲೆಸಿ, ಹದಿನೈದು ವರ್ಷ ಕಳೆದು, ಕರೋಡಗಿರಿಯಲ್ಲಿ ಒಂದು ಸಣ್ಣ ಜಾಗಕ್ಕಾಗಿ ಆ ಹಲಫನಾಮೆಯನ್ನು ಬರೆದುಕೊಟ್ಟರು. ಅವರಿಗೆ ಜಾಗ ಸಿಕ್ಕಿತು. ಸೊಲ್ಲಾಪುರದ ಮನೆಯ ಬೀಗದ ಕೈ ಮಾತ್ರ ಸಾಯುವವರೆಗೂ ಅವರ ಉಡಿದಾರದಲ್ಲಿತ್ತೆಂದು ನನ್ನ ಅಜ್ಜಿ ನಗುತ್ತ ಹೇಳುತ್ತಿದ್ದಳು. ಇದನ್ನು ಕಪಟವೆನ್ನೋಣವೆ? ವಕೀಲನಾಗಿ ಏನು ಹೇಳಬೇಕೋ ನನಗೆ ಗೊತ್ತು. ಮನೆಯವನಾಗಿ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಬೀದರಿನ ಮಣ್ಣಿಗೆ ಈ ಜಗಳ ಹೊಸದಲ್ಲ. ಬಹಮನಿಗಳ ದರಬಾರಿನಲ್ಲಿ ದಖ್ಖನಿಗಳೂ ಸಮುದ್ರದಾಚೆಯಿಂದ ಬಂದ ಆಫಾಕಿಗಳೂ ಕಾದಾಡಿದರು. ಇರಾನಿನ ಗಿಲಾನದಿಂದ ವ್ಯಾಪಾರಕ್ಕೆಂದು ಬಂದು ಈ ರಾಜ್ಯದ ಮಂತ್ರಿಯಾಗಿ, 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ ಗವಾನ 1481ರಲ್ಲಿ ತಲೆ ಕೊಟ್ಟದ್ದು ಆ ಜಗಳದಲ್ಲೇ. ಇನ್ನು 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಯೇ ಮೂರು ಪಾಲಾಯಿತು: ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ. ಬೀಗರ ಮನೆಗಳು ಇದ್ದಲ್ಲೇ ಇದ್ದು ರಾಜ್ಯ ಬದಲಾಯಿಸಿದವು. ಈಗ 371ಜೆ ಅನುಚ್ಛೇದದ ಮೀಸಲಾತಿಗಾಗಿ, ನಾವು ಈ ಪ್ರದೇಶದವರೆಂದು ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ತರುತ್ತೇವೆ. ನಾನು ಯಾರವನು ಎಂಬುದಕ್ಕೆ ಕಾಗದ ತೋರಿಸುವುದು ನಮಗೆ ಅಪರಿಚಿತವಲ್ಲ. ಆದರೆ ನಮ್ಮ ಆ ಹಿರಿಯರಿಗೆ ಹಲಫನಾಮೆ ಬರೆಯುವ ಮುನ್ನ ಹದಿನೈದು ವರ್ಷಗಳ ಅವಧಿ ದೊರೆತಿತ್ತು. ಈ ಹುಡುಗನಿಗೆ ದೊರೆತಿರುವುದು ಆರು ತಿಂಗಳು, ಅದರಲ್ಲಿ ಎರಡು ತಿಳಿಯದೆಯೇ ಕಳೆದುಹೋಗಿದ್ದವು.

ದ್ವಿಪೌರತ್ವವನ್ನು ಸರಕಾರ ಒಪ್ಪಬೇಕೋ ಬೇಡವೋ ಎಂಬುದು ದೊಡ್ಡ ಚರ್ಚೆ. ಅದಕ್ಕೆ ನಾನಿಲ್ಲಿ ಕೈ ಹಾಕಿಲ್ಲ. ಹಾಗೆ ಒಪ್ಪದಿದ್ದರೂ, ಓದು ಮುಗಿದಿರದ, ಸ್ವಂತ ಸಂಪಾದನೆ ಕಾಣದ ವಯಸ್ಸಿನಲ್ಲಿ ಇಂಥ ಆಯ್ಕೆಗೆ ಆರೇ ತಿಂಗಳು ಏಕೆ, ಇಪ್ಪತ್ತೊಂದರವರೆಗೆ ಕಾಯಬಾರದೇಕೆ ಎಂದು ಕೇಳುವುದು ಅನ್ಯಾಯವಾಗಲಾರದು. ಕನಿಷ್ಠ, ಜನನವನ್ನು ನೋಂದಾಯಿಸಿಕೊಂಡ ದೂತಾವಾಸದಿಂದ ಹದಿನೆಂಟಾಗುವ ಮೊದಲು ಒಂದು ಕಾಗದ ಬಂದರೂ ಸಾಕಾಗಿತ್ತು.

ಹುಡುಗ ಎಲ್ಲವನ್ನೂ ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಒಮ್ಮಿ ಬಿಟ್ಟ ಮ್ಯಾಲ ತಿರಗಿ ತಗೋಳ್ಳಿಕ್ಕ ಬರ್ತದೇನು, ಮುತ್ಯಾ?"

ಅದೇ ನಿಜವಾದ ಪ್ರಶ್ನೆಯೆಂದು ನನಗೆ ಅನಿಸಿತು. ಉತ್ತರ ಎರಡು ಕಡೆಗೆ ಎರಡು ಬಗೆ. ಅಮೆರಿಕದ ಪೌರತ್ವವನ್ನು ಬಿಡುವವನು ಆ ದೇಶದ ಹೊರಗೆ, ಅದರ ದೂತಾವಾಸದ ಅಧಿಕಾರಿಯ ಮುಂದೆ ಖುದ್ದಾಗಿ ನಿಂತು ಪ್ರಮಾಣ ಮಾಡಬೇಕು. ಮಾಡಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮುಂದೆ ಬೇಕಾದರೆ ಬೇರೆ ಪರದೇಶಿಗಳಂತೆ ಬಾಗಿಲಿನ ಹೊರಗ ನಿಂತು ಮೊದಲಿನಿಂದ ಆರಂಭಿಸಬೇಕು. ಭಾರತದ ಪೌರತ್ವ ಹೋದರೆ, ಹಳೆಯ ರಹದಾರಿಯನ್ನು ಒಪ್ಪಿಸಿ, ಓ.ಸಿ.ಐ. ಕಾರ್ಡು ಪಡೆದು, ಐದು ವರ್ಷ ಅದನ್ನು ಹೊಂದಿದ್ದು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಇಲ್ಲಿ ವಾಸವಾಗಿದ್ದರೆ ನೋಂದಣಿಯಿಂದ ಮತ್ತೆ ಪ್ರಜೆಯಾಗಲು ಅರ್ಜಿ ಹಾಕಬಹುದು. ಆಗ ಅಮೆರಿಕವನ್ನು ಬಿಡಬೇಕು. ಕೊಡುವುದು ಬಿಡುವುದು ಸರಕಾರದ ಇಚ್ಛೆ. ದಾರಿಯಂತೂ ಇದೆ.

"ಹಂಗಾದ್ರ ಬಿಟ್ಟವರನ್ನ ತಿರಗಿ ಕರಕೊಳ್ಳಾದು ನಮ್ಮ ದೇಶ," ಎಂದ. ಅವನು 'ನಮ್ಮ' ಎಂದದ್ದನ್ನು ನಾನು ಗಮನಿಸಿದೆ. ಇದನ್ನು ಕೇಳಿದ ಮೇಲೆ ಅವನ ಮನಸ್ಸು ಯಾವ ಕಡೆಗೆ ವಾಲೀತೆಂದು ಹೇಳಲಾರೆ. ಮರಳಿ ಬರಲು ದಾರಿಯಿರುವ ಮನೆಯನ್ನು ನಿಶ್ಚಿಂತೆಯಿಂದ ಬಿಟ್ಟು ಹೋಗುವವರೂ ಉಂಟು. ಅದೇ ಕಾರಣಕ್ಕೆ ಬಿಡಲಾರದವರೂ ಉಂಟು.

ಅಂದು ರಾತ್ರಿ ಅವನ ತಂದೆ ಬೀದರಿನಿಂದ ಬಂದ. ಊಟವಾದ ಮೇಲೆ ಮೂವರೂ ಕುಳಿತೆವು. ಅವನು ಮಗನ ಜನನಪತ್ರವನ್ನೂ ದೂತಾವಾಸದ ನೋಂದಣಿ ಕಾಗದವನ್ನೂ ತೆಗೆದು ಮುಂದಿಟ್ಟು, ಹದಿನೆಂಟು ವರ್ಷಗಳ ಹಿಂದೆ ತಾನೇ ಸಹಿ ಮಾಡಿದ್ದ ಸಾಲುಗಳನ್ನು ಮೊದಲ ಸಲವೆಂಬಂತೆ ಓದಿದ. ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಇಳಿಸಿ, ತಿಂಗಳುಗಳನ್ನು ಎಣಿಸಿ, ಕಡೆಯ ದಿನದ ಸುತ್ತ ಕೆಂಪು ಶಾಯಿಯಿಂದ ಗೆರೆ ಎಳೆದ. ಆ ದಿನಕ್ಕೆ ಈಗ ಮೂರು ತಿಂಗಳು ಉಳಿದಿವೆ.